ಕೋವಿಯ ಬಿಗಿ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಒಬ್ಬ ಒಂದು ತಪ್ಪು ಮಾಡಿದ, ಯಾರಿಗೂ ಗೊತ್ತಾಗುವ ಮೊದಲೇ ಸರಿಪಡಿಸಿಯೂ ಬಿಟ್ಟ ಅಂದುಕೊಳ್ಳಿ. ಆಮೇಲೂ ಅವನು ಅದನ್ನು ಬಾಯಿಬಿಟ್ಟು ಹೇಳಲೇಬೇಕೆ?"

"ಅಂದುಕೊಂಡೆ, ಕೂತುಕೋ," ಎಂದು ಗುರು ಈ ಕತೆ ಹೇಳಿದರು.

ಕಾಡಂಚಿನ ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಮನೆಯಲ್ಲಿದ್ದರು. ಮನೆಗೊಂದು ಕೋವಿ ಇತ್ತು. ಗದ್ದೆಗೆ ನುಗ್ಗುವ ಹಂದಿಗಳನ್ನು ಹೊಡೆಯಲು ಊರಿನವರು ಗುಂಪಾಗಿ ಬೇಟೆಗೆ ಹೋಗುವುದು ಅಲ್ಲಿನ ವಾಡಿಕೆ. ಕೆಲವರು ಕೂಗುಹಾಕುತ್ತಾ ಪೊದೆಗಳಿಂದ ಹಂದಿ ಎಬ್ಬಿಸುತ್ತಿದ್ದರು. ಕೋವಿ ಹಿಡಿದವರು ತಮ್ಮ ತಮ್ಮ ಜಾಗದಲ್ಲಿ ಅಲ್ಲಾಡದೆ ಕಾಯುತ್ತಿದ್ದರು. ಮನೆಯ ಕೋವಿ ಹಿಡಿಯುವ ಹಕ್ಕು ಅಣ್ಣನದು. ಅವನಿಗೆ ಆಗದ ದಿನ ತಮ್ಮ ಹೋಗುತ್ತಿದ್ದ.

ಆ ಊರಿಗೊಂದು ಕಟ್ಟಳೆಯಿತ್ತು. ಬೇಟೆಯ ಕಾಲ ಶುರುವಾಗುವ ಮೊದಲು ಹಿರಿಯರು ಎಲ್ಲ ಮನೆಗಳ ಕೋವಿಗಳನ್ನೂ ಪರೀಕ್ಷೆ ಮಾಡುತ್ತಿದ್ದರು. ಗುಂಡು ತೆಗೆದ ಕೋವಿಯನ್ನು ನೆಟ್ಟಗೆ ಹಿಡಿದು, ಬೆರಳಿಟ್ಟು ಎಳೆಯುವ ಕೊಕ್ಕೆಗೆ, ಅಂದರೆ ಕುದುರೆಗೆ, ಎರಡು ಸೇರು ಅಕ್ಕಿಯ ಚೀಲ ತೂಗುಹಾಕುತ್ತಿದ್ದರು. ಕುದುರೆ ಆ ಭಾರ ತಡೆದರೆ ಕೋವಿ ಬೇಟೆಗೆ ಬರಬಹುದು, ತಡೆಯದಿದ್ದರೆ ಬರುವಂತಿಲ್ಲ. ಅಷ್ಟು ಬಿಗಿ ಇದ್ದುದರಿಂದ, ಕಾಯುವವರು ಪೊದೆ ಅಲ್ಲಾಡಿದೊಡನೆ ಕುದುರೆಯನ್ನು ಅರ್ಧ ಎಳೆದು ಹಿಡಿಯುತ್ತಿದ್ದರು. ಬಂದದ್ದು ಹಂದಿಯಾದರೆ ಉಳಿದರ್ಧ ಎಳೆಯುವುದು, ಅಲ್ಲವಾದರೆ ಬೆರಳು ಸಡಿಲ ಬಿಡುವುದು. ಚಿಕ್ಕಂದಿನಿಂದ ಕಲಿತ ಕೈಗಳು, ಯೋಚನೆ ಮಾಡಬೇಕಾಗಿರಲಿಲ್ಲ.

ವಯಸ್ಸಾಗುತ್ತಾ ಅಣ್ಣನ ಬೆರಳಿನ ಗಿಣ್ಣು ಊದಿಕೊಂಡಿತು. ಬಿಗಿ ಕುದುರೆಯನ್ನು ಎಳೆಯುವಷ್ಟರಲ್ಲಿ ಕೋವಿ ಪಕ್ಕಕ್ಕೆ ವಾಲುತ್ತಿತ್ತು. ಒಂದು ಬೇಟೆಯಲ್ಲಿ ತೀರ ಹತ್ತಿರ ಬಂದ ಹಂದಿ ತಪ್ಪಿಸಿಕೊಂಡು ಹೋಯಿತು. ಊರವರು ನಕ್ಕರು. ಬೆರಳು ಸೋತಿದೆ ಎಂದು ಹೇಳಿದರೆ ಕೋವಿ ತಮ್ಮನಿಗೆ ಹೋಗುತ್ತದೆ. ತಮ್ಮ ಒಳ್ಳೆಯವನೇ, ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೀಸೆ ತಿರುವಿ ರೂಢಿಯಿದ್ದವನಿಗೆ ಅದು ಅಷ್ಟು ಸುಲಭವೇ? ಹಿರಿಯರ ಪರೀಕ್ಷೆ ಮುಗಿದ ಮೇಲೆ ಅವನು ಬಾಗಿಲು ಹಾಕಿಕೊಂಡು, ಕುದುರೆಯ ಒಳಗಿನ ತಿರುಪನ್ನು ತಿರುಗಿಸಿ ಬಿಗಿ ಇಳಿಸಿದ. ಈಗ ಬೆರಳು ತಾಗಿಸಿದರೆ ಸಾಕು, ಗುಂಡು ಹಾರುತ್ತಿತ್ತು. ಮುಂದಿನ ಬೇಟೆಯಲ್ಲಿ ಒಂದೇ ಏಟಿಗೆ ಹಂದಿ ಉರುಳಿತು. ನಕ್ಕವರೇ ಹೊಗಳಿದರು. ಅವನು ಯಾರಿಗೂ ಏನೂ ಹೇಳಲಿಲ್ಲ.

ಆಮೇಲೊಂದು ದಿನ ಅಣ್ಣ ಜ್ವರದಿಂದ ಮಲಗಿದ್ದ. ತಮ್ಮ ಬಂದು ಗೋಡೆಯಿಂದ ಕೋವಿ ಇಳಿಸಿಕೊಂಡ. ಅಣ್ಣ ಅದನ್ನು ನೋಡಿದ. ಹೇಳಬೇಕು ಅನ್ನಿಸಿತು. ಹೇಳಿದರೆ ಯಾಕೆ ಸಡಿಲ ಮಾಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ತಮ್ಮನದು ಜಾಗ್ರತೆಯ ಕೈ, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಗೋಡೆಯ ಕಡೆಗೆ ಹೊರಳಿದ.

ಕಾಡಿನಲ್ಲಿ ಪೊದೆ ಅಲ್ಲಾಡಿತು. ತಮ್ಮ ಎಂದಿನಂತೆ ಕುದುರೆಯನ್ನು ಅರ್ಧ ಎಳೆಯಹೋದ. ಆ ಕೋವಿಯಲ್ಲಿ ಅರ್ಧ ಎನ್ನುವುದೇ ಉಳಿದಿರಲಿಲ್ಲ. ಪೊದೆಯಿಂದ ಹೊರಬಂದವನು ಹಂದಿ ಎಬ್ಬಿಸಲು ಹೋಗಿದ್ದ ಪಕ್ಕದ ಗದ್ದೆಯವನು. ಬಿದ್ದವನು ಮತ್ತೆ ಏಳಲಿಲ್ಲ. ಮುಖ ಕಂಡದ್ದು ಮೊದಲೋ ಗುಂಡು ಹಾರಿದ್ದು ಮೊದಲೋ, ತಮ್ಮನಿಗೆ ತಿಳಿಯಲಿಲ್ಲ.

ಗಡಿಬಿಡಿಯಲ್ಲಿ ಯಾರೋ ಕೋವಿಯನ್ನು ತಂದು ಜಗುಲಿಯಲ್ಲಿಟ್ಟು ಹೋದರು. ತಮ್ಮ ಸತ್ತವನ ಅಂಗಳದಲ್ಲಿ ಕುಸಿದು ಕೂತಿದ್ದ. ಹಿರಿಯರು ಬರುವಷ್ಟರಲ್ಲಿ ಅಣ್ಣ ಜ್ವರದಲ್ಲೇ ಎದ್ದು ತಿರುಪನ್ನು ಮೊದಲಿನಂತೆ ಬಿಗಿಮಾಡಿದ. ಇನ್ನು ಈ ಕೋವಿಯಿಂದ ಯಾರಿಗೂ ಅಪಾಯವಿಲ್ಲ, ತಪ್ಪು ಸರಿಹೋಯಿತು ಎಂದು ತನಗೆ ತಾನೇ ಹೇಳಿಕೊಂಡ. ಹಿರಿಯರು ಬಂದು ಅಕ್ಕಿಯ ಚೀಲ ತೂಗುಹಾಕಿ ನೋಡಿದರು. ಕುದುರೆ ಅಲ್ಲಾಡಲಿಲ್ಲ. ಕೋವಿಯಲ್ಲಿ ದೋಷವಿಲ್ಲ ಎಂದರು. ದೋಷ ಕೋವಿಯದಲ್ಲವಾದರೆ ಬೆರಳಿನದು.

ಹಿರಿಯರು ಅದನ್ನು ಕೈತಪ್ಪು ಎಂದು ತೀರ್ಮಾನಿಸಿದರು. ಒಪ್ಪದವನು ತಮ್ಮನೊಬ್ಬನೇ. ಸತ್ತವನಿಗೂ ಅವನಿಗೂ ಬದುವಿನ ವಿಷಯಕ್ಕೆ ಮಾತು ನಿಂತಿತ್ತು. ಅದು ಯಾವ ಊರಲ್ಲೂ ಇರುವಂಥ ಜಗಳ, ಒಂದು ಹಬ್ಬ ಬಂದರೆ ಮರೆತುಹೋಗುವಂಥದ್ದು. ಆದರೆ ಅಷ್ಟು ಬಿಗಿ ಕುದುರೆಯನ್ನು ಪೂರ್ತಿ ಎಳೆದವನು ತಾನೇ ಎಂದಾದ ಮೇಲೆ, ಒಳಗೆಲ್ಲೋ ಅವನನ್ನು ಕೊಲ್ಲುವ ಆಸೆ ಇದ್ದಿರಬೇಕು ಎಂದು ತಮ್ಮ ನಂಬಿದ. ಅಂದಿನಿಂದ ಪ್ರತಿ ವರ್ಷ ಸತ್ತವನ ಗದ್ದೆ ಉತ್ತು ನಾಟಿ ಮುಗಿಸಿದ ಮೇಲೆಯೇ ತನ್ನ ಗದ್ದೆಗೆ ಇಳಿಯುತ್ತಿದ್ದ. ಸತ್ತವನ ಹೆಂಡತಿ ಬೇಡವೆಂದರೂ ಬಿಡಲಿಲ್ಲ. ಮದುವೆಯ ಮಾತು ಬಂದರೆ, ನನ್ನಂಥವನಿಗೆ ಯಾಕೆ ಎಂದು ಎದ್ದುಹೋಗುತ್ತಿದ್ದ.

ಅಣ್ಣ ಆಮೇಲೆ ಬೇಟೆಗೆ ಹೋಗಲಿಲ್ಲ. ತಮ್ಮನ ಮೇಲಿನ ಪ್ರೀತಿಯಿಂದ ಬಿಟ್ಟ ಎಂದು ಊರವರು ಕೊಂಡಾಡಿದರು. ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ತುತ್ತನ್ನು ಮೊದಲು ತಮ್ಮನ ತಟ್ಟೆಗೆ ಹಾಕುತ್ತಿದ್ದ. ಹೊಸ ಕಂಬಳಿ ಬಂದರೆ ಅವನಿಗೆ ಹೊದಿಸುತ್ತಿದ್ದ. ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಕೊಟ್ಟ. ತಮ್ಮನಿಗೆ ಬೇಕಾಗಿದ್ದುದು ಆ ಮಾತೊಂದೇ.

ವರ್ಷಗಳು ಕಳೆದು ತಮ್ಮ ಹಾಸಿಗೆ ಹಿಡಿದ. ಇನ್ನು ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಅಣ್ಣನ ಕೈ ಹಿಡಿದುಕೊಂಡು ಕೇಳಿದ: "ಅಣ್ಣಾ, ನನ್ನನ್ನ ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಅವನನ್ನ ಬೇಕೂಂತಲೇ ಹೊಡೆದೆನಾ?"

ಮಾತು ಅಣ್ಣನ ನಾಲಗೆಯ ತುದಿಗೆ ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಇವನು ಕೇಳಿದರೆ ಏನು ಹೇಳುವುದು? ಸಾಯುತ್ತಿರುವವನ ಆ ಒಂದು ಪ್ರಶ್ನೆಗೆ ಅವನು ಹೆದರಿದ.

"ಹಳೇದೆಲ್ಲ ಈಗ ಯಾಕೆ? ಸ್ವಲ್ಪ ಗಂಜಿ ಕುಡಿ," ಎಂದ.

ತಮ್ಮ ಕೈ ಬಿಟ್ಟ. ಅದನ್ನೇ ಉತ್ತರ ಎಂದು ತಿಳಿದುಕೊಂಡ. ಮರುದಿನ ತೀರಿಕೊಂಡ.

ಸಾವಾದರೆ ಮನೆಯ ಕೋವಿಯಿಂದ ಆಕಾಶಕ್ಕೆ ಗುಂಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿಯ ಪದ್ಧತಿ. ಹಾರಿಸಬೇಕಾದವನು ಅಣ್ಣ. ಅಂಗಳದಲ್ಲಿ ನಿಂತು ಕುದುರೆಗೆ ಬೆರಳಿಟ್ಟು ಎಳೆದ. ಶಕ್ತಿ ಸಾಲಲಿಲ್ಲ. ಎರಡೂ ಕೈಯ ಬೆರಳು ಸೇರಿಸಿ ಎಳೆದ. ಅವನೇ ಬಿಗಿಮಾಡಿದ ಕುದುರೆ ಜಗ್ಗಲಿಲ್ಲ. ದುಃಖಕ್ಕೆ ಕೈ ಸೋತಿದೆ ಎಂದು ಊರವರು ಮರುಗಿದರು. ಕೊನೆಗೆ ಪಕ್ಕದ ಗದ್ದೆಯವನ ಮಗ, ತಂದೆಯನ್ನು ಕಳೆದುಕೊಂಡವನು, ಮುಂದೆ ಬಂದು ಕೋವಿ ತೆಗೆದುಕೊಂಡ. ಇಷ್ಟು ವರ್ಷ ತನ್ನ ಮನೆಯ ಗದ್ದೆ ಉತ್ತವನಿಗೆ ತಾನೇ ಗುಂಡು ಹಾರಿಸಿ ಕೈಮುಗಿದ. ಅಣ್ಣ ಅದನ್ನು ನೋಡುತ್ತಾ ನಿಂತಿದ್ದ. ಆಗ ಅವನು ಕೂಗಿ ಹೇಳಿದ್ದರೂ ಕೇಳಬೇಕಾದವನು ಕೇಳುವಂತಿರಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ, "ನನ್ನದು ಅಷ್ಟು ದೊಡ್ಡ ತಪ್ಪಲ್ಲ ಗುರುಗಳೇ," ಎಂದ.

"ನಿನ್ನ ತಪ್ಪನ್ನು ತನ್ನದೆಂದು ಹೊತ್ತು ತಿರುಗುತ್ತಿರುವವನು ಇನ್ನೂ ಬದುಕಿದ್ದಾನೆಯೇ?" ಎಂದರು ಗುರು.