ಗಿಳಿ ತಗದು ನವಿಲು ಹಾಕಿದ ಗುರುಸಿದ್ದ

ಬೆಟಗೇರಿಯಾಗ ಸಾವಂತ್ರೆವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಒಬ್ಬನೇ ಮಗ, ಗುರುಸಿದ್ದ. ಹೇಳಿದ್ದನ್ನ ಹೇಳಿದಂಗ ಮಾಡಾವ, ತಿಳಕೊಂಡು ಮಾಡಾವಲ್ಲ. "ಇವನ್ನ ಮಗ್ಗದ ಕೆಲಸಕ್ಕ ಹಚ್ಚೇ ತೀರ್ತೀನಿ!" ಅಂತ ತಾಯಿ ಹಟ ಹಿಡಿದ್ಲು. "ಕಲತೇ ತೀರ್ತೀನಿ ಯವ್ವಾ!" ಅಂದ ಮಗ.

ಮಾಲಕ ಅಂದಾನೆಪ್ಪ ತನ್ನ ಮಗ್ಗಕ್ಕ ಕಂಪ್ಯೂಟರ್ ಬೋರ್ಡ್ ಕೂಡಿಸಿದ್ದ. ಬೋರ್ಡಿನಾಗ ನಮೂನಿ ಬದಲಿಸಿದ್ರ ಸಾಕು, ಗಿಳಿ ನೇಯೋ ಮಗ್ಗ ನವಿಲು ನೇಯತಿತ್ತು. ಕೆಲಸಕ್ಕ ಬಂದ ಗುರುಸಿದ್ದಗ ಬೋರ್ಡಿನ ಗುಂಡಿ ತೋರಿಸಿ, "ಗಿಳಿ ತಗಿ, ನವಿಲು ಹಾಕು" ಅಂದು ಮಾಲಕ ಹೋದ. ಗುರುಸಿದ್ದ ಕತ್ರಿ ತಗೊಂಡ. ನೇಯ್ದ ಸೀರಿಯಾಗಿನ ಗಿಳಿ ಒಂದೊಂದಾಗಿ ಕತ್ತರಿಸಿ ತಗದ!

"ಅಯ್ಯೋ ಹುಚ್ಚಪ್ಪಾ! ಸೀರಿ ಮುಟ್ಟಬಾರದೋ! ಬೋರ್ಡ್ ಅಷ್ಟ ಮುಟ್ಟಬೇಕು!" ಸುದ್ದಿ ಕೇಳಿ ತಾಯಿ ಬೈದ್ಲು.

"ಆತು ಯವ್ವಾ."

ಮರುದಿನ ಮಗ್ಗದ ಎಣ್ಣಿ ಸೋರಿ ಸೀರಿ ಮ್ಯಾಲ ಬೀಳಾಕ ಹತ್ತಿತು. ತೊಟಕ್, ತೊಟಕ್. ಗುರುಸಿದ್ದ ಸೀರಿ ಮುಟ್ಟಲಿಲ್ಲ. ನಡುನಡುವ ಬೋರ್ಡ್ ಅಷ್ಟ ಮುಟ್ಟಿ ಮುಟ್ಟಿ ಬಂದ.

ಮಾಲಕ ತಲಿ ತಲಿ ಬಡಕೊಂಡ. "ಆ ಬೋರ್ಡ್ ನೋಡೋ! ಒಂದು ಮೂಲಿ ನಮೂನಿ ಬದಲಿಸಿದ್ರೂ ಉಳದದ್ದು ನಡಕೋತ ಇರ್ತೈತಿ. ನೀನೂ ಹಂಗ ಮಾಡು. ಕೆಟ್ಟಿದ್ದಷ್ಟ ತಗಿ, ಉಳದದ್ದು ನಡೀಲಿ!"

"ಆತ್ರೀ ಮಾಲಕ್ರ."

ಆ ವಾರ ಸೀರಿ ಹೇರಿದ ಟಂಟಂ ಗಾಡಿ ಪಂಚರ್ ಆತು. ಡ್ರೈವರ್ ಬ್ಯಾರೆ ಗಾಲಿ ತರಾಕ ಹೋದ. ಗುರುಸಿದ್ದ ಕೆಟ್ಟ ಗಾಲಿ ಬಿಚ್ಚಿದ. "ಉಳದದ್ದು ನಡೀಲಿ!" ಅಂತ ಹಿಂದಿಂದ ದಬ್ಬಿದ. ಟಂಟಂ ಗಟಾರದಾಗ ಅಡ್ಡ ಬಿತ್ತು. ಸೀರಿ ಎಲ್ಲಾ ರಾಡಿ!

"ಕೆಲಸಕ್ಕ ಬರಬ್ಯಾಡ!" ಅಂದ ಮಾಲಕ.

ತಾಯಿ ಕಣ್ಣೀರು ಒರಸಿಕೊಂಡ್ಲು. "ಮೊದಲ ಎಲ್ಲಾ ನಿಲ್ಲಿಸಬೇಕೋ! ಹೊಸದು ತಂದು ಜೋಡಿಸಬೇಕು! ಆಮ್ಯಾಲ ಚಾಲೂ ಮಾಡಬೇಕು! ತಿಳೀತೇನು?"

"ತಿಳೀತು ಯವ್ವಾ!"

ಆಕಿ ಬಿಡೋ ಹೆಣ್ಮಗಳಲ್ಲ. ಮಾಲಕನ ಮಗಳ ಮದಿವಿಗೆ ಮಗನ್ನ ಕರಕೊಂಡ ಹೋದ್ಲು. ಕಾಲಿಗೆ ಬೀಳಿಸಿ ಕೆಲಸಾ ತಿರುಗಿ ಕೇಳೋಣು ಅಂತ.

ಅಲ್ಲಿ ಒಬ್ಬ ಮುದುಕಿ ಪಿಸುಗುಟ್ಟಿದ್ಲು. "ಸೀರಿ ಇಷ್ಟು ಚಂದ, ವರ ಹೊಂದಲಿಲ್ಲ ನೋಡವಾ. ಬದಲಿಸಬೇಕಿತ್ತು."

ಗುರುಸಿದ್ದನ ಕಿವಿ ನೆಟ್ಟಗಾತು. "ನಿಲ್ಲಿಸ್ರೀ!" ಅಂತ ಒದರಿದ. ವಾದ್ಯ ನಿಂತ್ವು. ವರನ ರಟ್ಟಿ ಹಿಡಿದು ಎಬ್ಬಿಸಿದ. ಸನಾದಿ ಊದೋ ಬೊಚ್ಚಬಾಯಿ ಮುದುಕನ್ನ ಅನಾಮತ್ ಎತ್ತಿ ತಂದ, ವಧುವಿನ ಬಾಜೂಕ ಮಣಿ ಮ್ಯಾಲ ಕೂಡಿಸಿದ.

"ಹೊಸದು ಜೋಡಿಸೀನಿ! ಚಾಲೂ ಮಾಡ್ರಿ!"

ಕಣ್ಣು ಮುಚ್ಚಿ ಕುಂತಿದ್ದ ಸ್ವಾಮಿಗೋಳು ಮಂತ್ರ ಚಾಲೂ ಮಾಡೇಬಿಟ್ರು!