ದೇವದಾರುವಿನ ಬುಡದ ಪಾಚಿ

ಪೂಜ್ಯ ಶ್ರೀ ಸದಾಬೋಧ ಸ್ವಾಮಿಗಳು ಆಗ ಹಿಮಾಲಯದ ದೇವದಾರು ಕಾಡಿನಲ್ಲಿ ಒಂದೇ ಕೋಣೆಯ ಕುಟೀರದಲ್ಲಿದ್ದರು. ಕನ್ನಡನಾಡಿನಿಂದ ಯಾತ್ರಿಕರು ಬಂದರೆ ತಾವೇ ಗಂಜಿ ಕಾಯಿಸಿ ಬಡಿಸುತ್ತಿದ್ದರು. ಬೆಳಗಿನ ಪೂಜೆಗೆ ಮುನ್ನ ಬಂದವರ ಮನೆಮಂದಿಯ ಹೆಸರು, ನಕ್ಷತ್ರ ಕೇಳಿ ಸಂಕಲ್ಪ ಮಾಡುವುದು ಅಲ್ಲಿಯ ರೂಢಿ.

ಒಮ್ಮೆ ತುಮಕೂರಿನ ಸಸ್ಯಶಾಸ್ತ್ರದ ಮೇಷ್ಟರು ಸುಬ್ಬಕೃಷ್ಣಯ್ಯನವರು ಪತ್ನಿ ಪಂಕಜಮ್ಮನವರ ಒತ್ತಾಯಕ್ಕೆ ಅಲ್ಲಿಗೆ ಬಂದರು. ದೇವರು ದಿಂಡರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಸಂಕಲ್ಪಕ್ಕೆ ತಮ್ಮ ಹೆಸರು, ಪತ್ನಿಯ ಹೆಸರು, ವೈದ್ಯಕೀಯ ಓದುತ್ತಿದ್ದ ಮಗ ರಘುರಾಮನ ಹೆಸರು ಹೇಳಿ, ಇಷ್ಟೇ ಎಂದರು. ಪಂಕಜಮ್ಮನವರು ತಲೆ ತಗ್ಗಿಸಿ ತುಟಿಯಲ್ಲೇ ಏನೋ ಅಂದುಕೊಂಡರು. ಅವರಿಗೆ ಮಗಳೂ ಒಬ್ಬಳಿದ್ದಳು. ಹುಟ್ಟಿನಿಂದ ನಡೆಯಲಾರದ, ಮಾತೂ ಬಾರದ ಆ ಹುಡುಗಿಯನ್ನು ಅಜ್ಜಿಯ ಬಳಿ ಬಿಟ್ಟು ಬಂದಿದ್ದರು. ಅವಳಿಗೆ ಹದಿನಾರು ತುಂಬಿದರೂ ತಂದೆ ನಾಲ್ಕು ಜನರೆದುರು ಅವಳ ಹೆಸರೆತ್ತಿದವರಲ್ಲ. ಈ ಒಂದು ಸಂಕಟ ಆ ತಾಯಿಯನ್ನು ಒಳಗೊಳಗೇ ತಿನ್ನುತ್ತಿತ್ತು.

ಪೂಜೆ ಮುಗಿದ ಮೇಲೆ ಸ್ವಾಮಿಗಳು ಮೇಷ್ಟರನ್ನು ಹೊರಗೆ ಕರೆದೊಯ್ದು, ಈ ದೇವದಾರುವಿಗೂ ಅದರ ಬುಡದ ಪಾಚಿಗೂ ಏನು ವ್ಯತ್ಯಾಸವೆಂದು ವಿಚಾರಿಸಿದರು. ಪಾಠವೆಂದರೆ ಮೇಷ್ಟರಿಗೆ ಹಬ್ಬದೂಟ. ದೇವದಾರುವಿನ ಕಾಂಡದೊಳಗೆ ನೀರೇರುವ ದಾರಿಯಿದೆ, ಅದಕ್ಕೇ ನೂರೈವತ್ತು ಅಡಿ ಬೆಳೆದು ಬೀಜ ಉದುರಿಸುತ್ತದೆ. ಪಾಚಿಗೆ ಬೇರಿಲ್ಲ, ಬೀಜವಿಲ್ಲ, ಎರಡು ಬೆರಳಿಗಿಂತ ಮೇಲೆ ಎದ್ದು ನಿಲ್ಲುವ ತ್ರಾಣವಿಲ್ಲ ಎಂದು ಅರ್ಧ ಗಂಟೆ ವಿವರಿಸಿದರು.

ಸ್ವಾಮಿಗಳು ಎಲ್ಲವನ್ನೂ ಕೇಳಿ, ಕೆಳಗೆ ಕುಳಿತು, ಪಾಚಿಯನ್ನು ಮೆಲ್ಲನೆ ಸರಿಸಿದರು. ಅದರ ಒದ್ದೆಯೊಳಗೆ ಹೆಬ್ಬೆರಳುದ್ದದ ದೇವದಾರು ಸಸಿಯಿತ್ತು. ಪಕ್ಕದ ಬರಿನೆಲಕ್ಕೆ ಬಿದ್ದ ಬೀಜಗಳು ಒಣಗಿಹೋಗಿದ್ದವು.

"ಇಷ್ಟೆತ್ತರದ ಮರವನ್ನು ಎಳೆಯದರಲ್ಲಿ ಸಾಕಿದವರು ಯಾರು, ಮೇಷ್ಟ್ರೇ?"

ಮೇಷ್ಟರಿಗೆ ಮನೆಯ ನೆನಪಾಯಿತು. ಓದೆಂದರೆ ಓಡಿಹೋಗುತ್ತಿದ್ದ ರಘುರಾಮ ಪುಸ್ತಕ ಹಿಡಿಯಲು ಕಲಿತದ್ದೇ ತಂಗಿಯ ಮಂಚದ ಪಕ್ಕದಲ್ಲಿ. ಅವಳು ಕಣ್ಣರಳಿಸಿ ಕೇಳುತ್ತಾಳೆಂದು ಅವನು ದಿನವೂ ಅವಳಿಗೆ ಪಾಠ ಓದಿ ಹೇಳುತ್ತಿದ್ದ. ಇದು ತಮ್ಮ ಕಣ್ಣೆದುರೇ ನಡೆದದ್ದು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ತಾಯಿ ಒಂದು ಹೆಸರನ್ನು ತಮ್ಮಲ್ಲೇ ಹೇಳಿಕೊಂಡರು. ನಾಳೆ ಅದನ್ನು ನೀವು ಹೇಳಿ," ಎಂದು ಅಪ್ಪಣೆ ಕೊಡಿಸಿ ಸ್ವಾಮಿಗಳು ಪಾಚಿಯನ್ನು ಮೊದಲಿನಂತೆ ಮುಚ್ಚಿದರು.

ಮರುದಿನ ಸಂಕಲ್ಪದ ಹೊತ್ತಿಗೆ ಸುಬ್ಬಕೃಷ್ಣಯ್ಯನವರು ಎಲ್ಲರಿಗಿಂತ ಮುಂದೆ ಬಂದು ಕೈಮುಗಿದು ನಿಂತರು.

"ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ, ಮೈಥಿಲಿ. ನನ್ನ ಮಗಳು."

ಅಷ್ಟು ಹೇಳಿ ಅವರು ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದರು. ಉಳಿದವನ್ನು ಪಂಕಜಮ್ಮನವರೇ ಹೇಳಬೇಕಾಯಿತು. ಆ ತಾಯಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.