ಮಂಚದೆತ್ತರದ ಟಮಾಟೆ ಪಾತಿ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬ್ಯಾಡ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಚನ್ನಿಗಯ್ಯ ಅಂತ ಒಬ್ಬ ಕುಂಬಾರ ಇದ್ನಂತೆ. ಅವನ ಮಡಕೆ ಅಂದ್ರೆ ಏಳೂರಿಗೂ ಹೆಸರಂತೆ. ಹೆಂಡ್ತಿ ಹೊನ್ನಕ್ಕ ತೋಟದೋರ ಮನೆ ಮಗಳು. ಬೆಳಗಾದ್ರೆ ತಿಗರಿ ತಿರುಗಿಸೋದು, ಬೈಗಾದ್ರೆ ಮಡಕೆ ಸುಡೋ ಆವಿಗೆ ಹೊತ್ತಿಸೋದು, ಆ ಮಹರಾಯನಿಗೆ ಹೆಂಡ್ತಿ ಹತ್ರ ಕೂತು ಎರಡು ಮಾತಾಡೋಕೆ ಪುರುಸೊತ್ತೇ ಇರಲಿಲ್ಲವಂತೆ. ಹಿಂಗಿರುವಾಗ ಹೊನ್ನಕ್ಕನಿಗೆ ಕಾಯಿಲೆ ಬಂದು ಅಂಗಳದ ಮಂಚ ಹಿಡಿದ್ಳು. ಬಾಯಿಗೇನಿಟ್ಟರೂ ರುಚಿಯಿಲ್ಲ. ಒಂದಿನ, ಒಂದು ಟಮಾಟೆ ಹಣ್ಣು ತಿನ್ನಬೇಕು ಅನಿಸ್ತೈತೆ ಕಣಯ್ಯ, ಅದೂ ನೀನೇ ಬೆಳೆದದ್ದು, ಗಿಡ ನನ್ನ ಕಣ್ಣಿಗೆ ಕಾಣಬೇಕು ಅಂದ್ಳಂತೆ.

ಮಲಗಿದೋಳಿಗೆ ಕಾಣಬೇಕಲ್ಲ, ಅದಕ್ಕೆ ಚನ್ನಿಗಯ್ಯ ಮಂಚದ ಪಕ್ಕದಲ್ಲೇ ಮಂಚದಷ್ಟೇ ಎತ್ತರಕ್ಕೆ ಕಲ್ಲು ಜೋಡಿಸಿ ಪಾತಿ ಕಟ್ಟಿದ್ನಂತೆ. ಆಮೇಲೆ ಏನು ಮಾಡಿದ ಗೊತ್ತಾ? ಕುಂಬಾರನಲ್ವಾ, ಕೆರೆ ಜೇಡಿಮಣ್ಣು ತಂದು, ಕಲ್ಲು ಆರಿಸಿ, ನೀರು ಹಾಕಿ ತುಳಿದು ತುಳಿದು ಬೆಣ್ಣೆ ಹಂಗೆ ಮಾಡಿ ಪಾತಿಗೆ ತುಂಬಿ, ಹಲಗೇಲಿ ತಟ್ಟಿ ನುಣ್ಣಗೆ ಮಾಡಿ ಸಸಿ ನೆಟ್ಟನಂತೆ. ನೀರು ಮೇಲೇ ನಿಂತು ಸಸಿ ಕೊಳೆತೋಯ್ತು. ಎರಡನೇ ಸಲ ಆವಿಗೆ ಬೂದಿ ಕಲಸಿ ಇನ್ನೂ ಜೋರಾಗಿ ತುಳಿದ, ಪಾತಿ ಹೆಂಚಿನ ಹಾಗೆ ಗಟ್ಟಿಯಾಗಿ ಸಸಿ ಒಣಗಿತು. ಮೂರನೇ ಸಲ ಹಸಿ ಸಗಣಿ ಸುರಿದ, ಸಸಿ ಬೇರು ಸುಟ್ಟೋಯ್ತು. ಒಂದೊಂದು ಸಲವೂ ಮಂಚದ ಪಕ್ಕ ಕೂತು, ಯಾಕೆ ಹೊನ್ನಿ ಹಿಂಗಾಯ್ತು ಅಂತ ಕೇಳೋನು, ಗೊತ್ತಿಲ್ಲ ಕಣಯ್ಯ ಅನ್ನೋಳು, ಆಮೇಲೆ ಅದೂ ಇದೂ ಮಾತು ಬೆಳೆದು ಹೊತ್ತು ಮುಳುಗೋದಂತೆ. ಮದುವೆಯಾದಾಗಿಂದ ಆಡದ ಮಾತೆಲ್ಲ ಆಡಿದ್ರಂತೆ.

ದಿನಾ ಸೊರಗ್ತಾ ಬಂದ್ಳು ಹೊನ್ನಕ್ಕ. ಈ ಸಲವೂ ತಪ್ಪಿದ್ರೆ ಹಣ್ಣು ಕಾಣೋವರೆಗೆ ತಾನಿರಲ್ಲ ಅಂತ ತಿಳಿದ ಮೇಲೆ ಬಾಯಿ ಬಿಟ್ಳಂತೆ. ತುಳೀಬ್ಯಾಡ ಕಣಯ್ಯ, ತಳಕ್ಕೆ ಒಡೆದ ಮಡಕೆ ಚೂರು ಹಾಕು, ಮೇಲೆ ತರಗೆಲೆ, ಹಳೇ ತಿಪ್ಪೆಗೊಬ್ಬರ, ಕೆಮ್ಮಣ್ಣು, ಸಡಿಲವಾಗಿ ಬಿಡು, ಬೇರು ಉಸಿರಾಡಬೇಕು ಅಂದ್ಳು. ಹಂಗೇ ಮಾಡಿದ. ಗಿಡ ಎದ್ದಿತು, ಹೂ ಬಿಟ್ಟಿತು, ಕಾಯಿ ಕಚ್ಚಿತು. ಮೊದಲ ಹಣ್ಣು ಕೆಂಪಾದ ದಿನ ತಾನೇ ಹಿಂಡಿ ರಸ ಬಾಯಿಗೆ ಬಿಟ್ಟ. ಹೊನ್ನಕ್ಕ ಚಪ್ಪರಿಸಿ, ಹುಳಿಹುಳಿಯಾಗಿ ಚೆನ್ನಾಗೈತೆ ಅಂದ್ಳಂತೆ.

ನಿಂಗೆ ಮೊದಲೇ ಗೊತ್ತಿತ್ತು, ಯಾಕೆ ಹೇಳಲಿಲ್ಲ ಅಂತ ಚನ್ನಿಗಯ್ಯ ಕೇಳಿದ್ನಂತೆ. ಹೇಳಿದ್ರೆ ಪಾತಿ ಒಂದೇ ದಿನಕ್ಕೆ ಮುಗಿಯೋದು, ನೀನು ಎದ್ದು ತಿಗರಿ ಹತ್ರ ಹೋಗಿಬಿಡ್ತಿದ್ದೆ ಅಂದ್ಳಂತೆ. ಅಷ್ಟು ದೊಡ್ಡ ಗಂಡಸು ಮಣ್ಣುಗೈಯಲ್ಲೇ ಮುಖ ಮುಚ್ಕೊಂಡು ಅತ್ತನಂತೆ.

ಮೂರು ದಿನಕ್ಕೆ ಹೊನ್ನಕ್ಕ ಕಣ್ಣು ಮುಚ್ಚಿದ್ಳು. ಆಮೇಲೆ ಗಿಡದ ತುಂಬ ಹಣ್ಣೋ ಹಣ್ಣು. ಚನ್ನಿಗಯ್ಯ ಒಂದನ್ನೂ ಬಾಯಿಗೆ ಹಾಕಲಿಲ್ಲವಂತೆ. ಊರಲ್ಲಿ ಯಾರು ಹಾಸಿಗೆ ಹಿಡಿದಿದ್ರೂ ಮಡಿಲಲ್ಲಿ ನಾಲ್ಕು ಹಣ್ಣು ಕಟ್ಕೊಂಡು ಹೋಗಿ, ಅವರ ಪಕ್ಕ ಕೂತು, ಅವರು ಸಾಕು ಅನ್ನೋವರೆಗೂ ಮಾತಾಡಿ ಬರೋನಂತೆ.

ಕತೆ ಇಲ್ಲಿಗೆ ಮುಗೀತು ಮಗಾ. ಅಳು ಬಂತಾ? ಅಳು. ಈ ಕತೆ ಹೇಳುವಾಗ ನಾನೂ ಕಣ್ಣೊರೆಸ್ಕೋತೀನಿ.